ಓಡಿಸದೆ ಓದುವ ಮಾಸ್ತರರು

ಹೋದ ಶನಿವಾರ ಕಾಲೇಜಿನಲ್ಲಿ ನಮ್ಮ ಮಾಸ್ತರರಿಗೊಂದು ಸಂತಾಪ ಸಭೆ ಆಯಿತು. ಸಭೆ ಅಂದರೆ ಎಂಟು ಹತ್ತು ಜನ, ಒಂದು ಫೋಟೊ, ಫೋಟೊಕ್ಕೆ ಸಾಲದ ಒಂದು ಹಾರ. ನಾನು ಅವರ ವಿದ್ಯಾರ್ಥಿಯೂ ಹೌದು, ಆಮೇಲೆ ಅವರ ಕೈಕೆಳಗೆ ಕೆಲಸ ಮಾಡಿದವನೂ ಹೌದು ಎಂದು ನನ್ನನ್ನು ಮಾತಾಡಲು ಎಬ್ಬಿಸಿದರು. ಸರಳ ಸಜ್ಜನರು, ಶಿಸ್ತಿನವರು, ವಿದ್ಯಾರ್ಥಿಗಳೇ ಅವರ ಆಸ್ತಿ ಎಂದು ಎರಡು ನಿಮಿಷ ಹೇಳಿ ಕೂತೆ. ಯಾರ ಸಭೆಯಲ್ಲಾದರೂ ಚಲಾವಣೆಯಾಗುವ ಮಾತು. ಆಟೋ ನಗರದಲ್ಲಿ ವರ್ಕ್‌ಶಾಪ್ ಇಟ್ಟಿರುವ ಅವರ ಹಳೆಯ ವಿದ್ಯಾರ್ಥಿಯೊಬ್ಬ ಅಂಗಡಿ ಮುಚ್ಚಿ ಬಂದಿದ್ದ. ಹೊರಗೆ ನಿಂತು, "ನೀವು ಮತ್ತೇನರ ಹೇಳತೀರಿ ಅನಕೊಂಡಿದ್ದೆ ಸರ್" ಎಂದ. ಅದೇ ಮಾತು ಮೂರು ದಿನದಿಂದ ಕಾಡುತ್ತಿದೆ. ಹೇಳಬೇಕಾದದ್ದನ್ನು ಹೇಳಬೇಕಾದ ಹೊತ್ತಿನಲ್ಲಿ ನುಂಗಿಕೊಳ್ಳುವುದು ನನಗೆ ಹೊಸದೇನಲ್ಲ. ಈ ಸಲವಾದರೂ ಬರೆದಿಡುತ್ತೇನೆ. ಅವರ ಹೆಸರು ಮಾತ್ರ ಹಾಕುವುದಿಲ್ಲ, ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನಮ್ಮ ಕಾಲೇಜಿನಲ್ಲಿ ಕಂಪ್ಯೂಟರ್ ಇರಲಿಲ್ಲ, ಕಂಪ್ಯೂಟರ್ ಪಾಠ ಇತ್ತು. ಬೆಳಗಾವಿಯ ಮಟ್ಟಿಗೆ ಅದರಲ್ಲಿ ವಿಚಿತ್ರವೇನೂ ಇರಲಿಲ್ಲ. ನಾವು ಕಾಗದದ ಮೇಲೆ ಪ್ರೋಗ್ರಾಂ ಬರೆಯುತ್ತಿದ್ದೆವು. ಅದನ್ನು ಕಾರ್ಡುಗಳಲ್ಲಿ ತೂತು ಹೊಡೆದು ಕಟ್ಟು ಕಟ್ಟಿದರೆ, ಸೋಮವಾರ ಕಾಲೇಜಿನ ಶಿಪಾಯಿ ಅದನ್ನು ಬಸ್ಸಿನಲ್ಲಿ ವಿಶ್ವವಿದ್ಯಾಲಯದ ಯಂತ್ರಕ್ಕೆ ಒಯ್ಯುತ್ತಿದ್ದ. ಗುರುವಾರ ಉತ್ತರ ಬರುತ್ತಿತ್ತು. ಬಹಳ ಸಲ ಆ ಉತ್ತರ ಒಂದೇ ಸಾಲಿನದು: ಇಲ್ಲಿ ಒಂದು ಅಲ್ಪವಿರಾಮ ಇಲ್ಲ. ಆ ಅಲ್ಪವಿರಾಮ ಹಾಕಿ ಮತ್ತೆ ಸೋಮವಾರಕ್ಕೆ ಕಾಯಬೇಕು. ಒಂದು ಸಣ್ಣ ಲೆಕ್ಕ ಸರಿಯಾಗುವಷ್ಟರಲ್ಲಿ ನಮ್ಮ ಮುಖದ ಮೇಲೆ ಗಡ್ಡ ಬರುತ್ತಿತ್ತು.

ಇಂಥಲ್ಲಿ ಅವರು ಕೊನೆಯ ವರ್ಷದವರಿಗೆ ಒಂದು ಐಚ್ಛಿಕ ವಿಷಯ ಶುರು ಮಾಡಿಸಿದರು, ಪ್ರೋಗ್ರಾಂ ಅನಾಲಿಸಿಸ್ ಅಂತ. ಮುಂಬೈಯ ದೊಡ್ಡ ಸಂಸ್ಥೆಯೊಂದರಲ್ಲಿ ಎರಡು ವರ್ಷ ಓದಿ, ಒಂದು ಟ್ರಂಕಿನ ತುಂಬ ಟಿಪ್ಪಣಿ ಹೊತ್ತು ತಂದಿದ್ದರು. ಪ್ರೋಗ್ರಾಮನ್ನು ಓಡಿಸದೆ, ಬರೀ ಓದಿ, ಅದು ಎಲ್ಲೆಲ್ಲಿ ಹೋಗಬಹುದು, ಎಲ್ಲಿ ಎಡವಬಹುದು ಎಂದು ಹೇಳುವುದು ಆ ವಿದ್ಯೆ. ಕೊನೆಗೆ ಆ ಓದುವ ಕೆಲಸವನ್ನೇ ಮಾಡುವ ಸಾಧನ, ಅಂದರೆ ಬೇರೆ ಪ್ರೋಗ್ರಾಮುಗಳನ್ನು ಓದಿ ತಪ್ಪು ತೋರಿಸುವ ಪ್ರೋಗ್ರಾಂ ಒಂದನ್ನು ಬರೆಯಬೇಕು. ಅದು ಒಂದು ವರ್ಷದ ಕೆಲಸವಲ್ಲ. ಪ್ರತಿ ಬ್ಯಾಚು ಒಂದೊಂದು ಭಾಗ ಬರೆದು ಮುಂದಿನ ಬ್ಯಾಚಿಗೆ ಒಪ್ಪಿಸಬೇಕು, ಏಳು ಬ್ಯಾಚು ಮುಗಿದರೆ ಸಾಧನ ಪೂರ್ತಿ, ಎಂದು ಅವರು ಕಾಗದದ ಮೇಲೆ ಯೋಜನೆ ಹಾಕಿದ್ದರು. ನಾನು ಎರಡನೆಯ ಬ್ಯಾಚಿನವನು.

ಅವರ ಮನೆ ಖಾನಾಪುರದಲ್ಲಿ. ದಿನವೂ ಪ್ಯಾಸೆಂಜರ್ ಗಾಡಿಯಲ್ಲಿ ಬಂದು ಹೋಗುತ್ತಿದ್ದರು. ಬಿಳಿ ಅಂಗಿ, ಅಂಗಿಯ ಕಿಸೆಯಲ್ಲಿ ಒಂದು ಕೆಂಪು ಪೆನ್ಸಿಲ್ಲು, ಒಂದು ನೀಲಿ. ಕಲಿತದ್ದು ಅಲ್ಲಿಯ ಮರಾಠಿ ಸಾಲೆಯಲ್ಲಿ, ಆದ್ದರಿಂದ ಪಾಠ ಇಂಗ್ಲಿಷಿನಲ್ಲಿ ಶುರುವಾಗಿ, ನಮಗೆ ತಿಳಿಯದಾದಾಗ ಕನ್ನಡಕ್ಕೆ ಬಂದು, ಎಣಿಸುವುದು ಬಂದಾಗ ಏಕ, ದೋನ, ತೀನ ಎಂದು ಮರಾಠಿಗೆ ಹೋಗುತ್ತಿತ್ತು. ಅವರ ಮನೆಮಾತು ಕನ್ನಡವೇ. ಅಂಕಿ ಮಾತ್ರ ಮರಾಠಿಯಲ್ಲಿ ಕೂತುಬಿಟ್ಟಿದ್ದವು.

ಮೊದಲ ದಿನ ಬಸ್ಸಿನಿಂದ ಶುರು ಮಾಡಿದರು.

"ಖಾನಾಪುರದಿಂದ ಒಂದ ಬಸ್ ಬಿಡತೈತಿ. ಬೆಳಗಾವ್ಯಾಗ ಇಳಿಯೂ ಪ್ರತಿಯೊಬ್ಬಾಂವನ ಕೈಯಾಗೂ ಟಿಕೀಟ್ ಇರತೈತೇನು? ಬಸ್ ಹತ್ತದ ಹೇಳ್ರಿ."

ಒಬ್ಬ ಎದ್ದು, "ಕಂಡಕ್ಟರ್ ಇರತಾನಲ್ರಿ ಸರ್" ಎಂದ.

"ಕಂಡಕ್ಟರ್ ದೇಸೂರಿನಾಗ ಕಡೀ ರೌಂಡ್ ಹಾಕಿ ಕುಂತ ಅನ್ರಿ. ಆಮ್ಯಾಲ ಎರಡನೇ ರೈಲ್ವೆ ಗೇಟಿನಾಗ ಬಸ್ ನಿಧಾನ ಆತು. ಯಾಂವರ ಹತ್ತಿದ್ರ?"

"ಹತ್ತತಾನಂತ ಏನ ಗ್ಯಾರಂಟಿ ಐತ್ರಿ ಸರ್?"

"ಇಲ್ಲ. ಹತ್ತೂದಿಲ್ಲ ಅಂತನೂ ಗ್ಯಾರಂಟಿ ಇಲ್ಲ. ಹಂಗಾರ ನಿನ್ನ ಉತ್ತರ ಏನು? ಹತ್ತಬಹುದು. ಅಷ್ಟ. ಇದ ಈ ಕೋರ್ಸು. ಕುಂದರು."

ಈ 'ಬಹುದು' ಅವರಿಗೆ ಅಂಟಿಕೊಂಡಿತ್ತು. ಚಹಾದಲ್ಲಿ ಸಕ್ಕರೆ ಐತೇನ್ರಿ ಅಂದರೆ ಇರಬಹುದು. ಗಾಡಿ ಬರತೈತೇನ್ರಿ ಅಂದರೆ ಬರಬಹುದು. ಸ್ಟಾಫ್ ರೂಮಿನಲ್ಲಿ ಬೆನ್ನ ಹಿಂದೆ ಅವರಿಗೆ ಬಹುದು ಸರ್ ಎಂದೇ ಹೆಸರು. ಅವರಿಗೂ ಗೊತ್ತಿತ್ತು. ಒಮ್ಮೆ ಯಾರೋ ಮುಖದೆದುರೇ ಹಾಗೆ ಕರೆದು ನಾಲಿಗೆ ಕಚ್ಚಿಕೊಂಡಾಗ, "ಇರಲಿ ಬಿಡ್ರಿ, ಇದಕ್ಕಿಂತ ಕೆಟ್ಟ ಹೆಸರ ಇಡಬಹುದಿತ್ತು" ಎಂದು ನಕ್ಕಿದ್ದರು.

ಅವರ ಪಾಠದ ನಿಜವಾದ ಜಾಗ ಕ್ಲಾಸಲ್ಲ, ಹಿಂದಿನ ಪಡಸಾಲೆ. ಪ್ರೋಗ್ರಾಮನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಚೌಕವಾಗಿ ಬರೆದು, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದು, ನಮ್ಮನ್ನು ಅದರೊಳಗೆ ನಡೆಸುತ್ತಿದ್ದರು. ಕೈಯಲ್ಲಿ ಕ್ಯಾಂಟೀನಿನ ಒಂದು ಕಪ್ಪು. ತುಂಬು ಎಂದು ಬರೆದ ಚೌಕಕ್ಕೆ ಬಂದರೆ ಕಪ್ಪಿಗೆ ಹುಣಸೆ ಬೀಜ ಹಾಕಬೇಕು, ಖಾಲಿ ಮಾಡು ಎಂದಿದ್ದರೆ ಸುರಿಯಬೇಕು. ಒಬ್ಬ ಹೊರಬಂದ ಮೇಲೆ ಅದೇ ಕಪ್ಪು ಮುಂದಿನವನ ಕೈಗೆ. ಎಲ್ಲ ದಾರಿಯನ್ನೂ ಯಾರಾದರೊಬ್ಬ ನಡೆಯಲೇಬೇಕು, ಅಡ್ಡದಾರಿಯನ್ನೂ. ಯಾವನಾದರೂ ಖಾಲಿ ಮಾಡುವ ಚೌಕ ತಪ್ಪಿಸಿ ಅಡ್ಡದಾರಿಯಲ್ಲಿ ಹೊರಬಿದ್ದರೆ, ಮುಂದಿನವನ ಕೈಗೆ ಹೋಗುವ ಕಪ್ಪಿನಲ್ಲಿ ಯಾರದೋ ಬೀಜ. ಅದನ್ನು ನೋಡಿ ಅವರಿಗಾಗುತ್ತಿದ್ದ ಸಂತೋಷ! "ನೋಡ್ರಿ, ನೋಡ್ರಿ, ಮಂದೀದು ಬಂತು ನೋಡ್ರಿ" ಎಂದು ಕೈ ತಟ್ಟುತ್ತಿದ್ದರು. ಎಂಜಿನಿಯರಿಂಗ್ ಓದುವ ಹುಡುಗರು ಕುಂಟೆಬಿಲ್ಲೆ ಆಡುತ್ತಾರೆಂದು ಶಿಪಾಯಿಗಳು ನಗುತ್ತಿದ್ದರು. ಪ್ರಿನ್ಸಿಪಾಲರು ಒಂದು ಸಲ ಬಂದು ನಿಂತು, ಏನೂ ಕೇಳದೆ, ಚೌಕ ತುಳಿಯದಂತೆ ಸುತ್ತು ಹಾಕಿ ಹೋದರು.

ನಾನು ಪಾಸಾಗಿ ಎರಡು ವರ್ಷ ಅಲ್ಲಿ ಇಲ್ಲಿ ಅಲೆದು, ಅದೇ ಕಾಲೇಜಿಗೆ ಲೆಕ್ಚರರ್ ಆಗಿ ಬಂದೆ. ಅಲ್ಲಿಯ ತನಕ ನನಗೆ 'ನೀ', 'ಬಾರಪಾ' ಎನ್ನುತ್ತಿದ್ದವರು ಆ ಬೆಳಿಗ್ಗೆ ಬಾಗಿಲಲ್ಲೇ ನಿಂತು "ಬರ್ರಿ, ಕುಂದರ್ರಿ" ಅಂದರು. ನನಗೆ ನಾಚಿಕೆಯಾಯಿತು. ನಮ್ಮದು ಖಾಸಬಾಗದ ಮಗ್ಗದ ಮನೆ. ಮನೆಯಲ್ಲಿ ನನ್ನದೇ ಮೊದಲ ಡಿಗ್ರಿ, ಆ ಓಣಿಯಲ್ಲೂ ಮೊದಲನೆಯದಿರಬೇಕು. ಅಪ್ಪ ಆ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ದೇವರ ಜಗಲಿಯ ಮೇಲಕ್ಕೇ ತೂಗುಹಾಕಿದ್ದರು. ಬಂದವರಿಗೆಲ್ಲ ಅದನ್ನು ತೋರಿಸುವುದು ಅವರ ಸಾಯಂಕಾಲದ ಉದ್ಯೋಗ.

ಎಂಬತ್ತರ ಆಸುಪಾಸಿನ ಮಾತು. ಐದನೆಯ ಬ್ಯಾಚು ನಡೆದಿತ್ತು, ನಾನು ಅವರಿಗೆ ಸಹಾಯಕ. ಪುಸ್ತಕದ ಉದಾಹರಣೆ ಸಾಕು, ಹುಡುಗರಿಗೆ ನಿಜವಾಗಿ ಕೆಲಸ ಮಾಡುತ್ತಿರುವ ದೊಡ್ಡ ಪ್ರೋಗ್ರಾಂ ಓದಿಸಬೇಕು ಎಂದು ಅವರು ವಿಶ್ವವಿದ್ಯಾಲಯಕ್ಕೆ ಕೇಳಿ ಬರೆದರು. ಅಲ್ಲಿಯವರು ತಮ್ಮಲ್ಲಿದ್ದ ಒಂದನ್ನು ಕಟ್ಟು ಕಟ್ಟಿ ಕಳಿಸಿದರು. ಅದು ಹಲವು ವರ್ಷಗಳಿಂದ ಪರೀಕ್ಷೆಯ ಫಲಿತಾಂಶ ತಯಾರಿಸುತ್ತಿದ್ದ ಪ್ರೋಗ್ರಾಂ. ನಮ್ಮ ಫಲಿತಾಂಶವೂ ಅದರೊಳಗಿಂದಲೇ ಬಂದದ್ದು.

ಮಾಸ್ತರರು ಗಾಡಿಯಲ್ಲಿ ಹೋಗಿ ಬರುತ್ತಲೇ ಅದನ್ನು ಓದಿದರು. ಮೂರನೆಯ ವಾರ ಒಂದು ಮಧ್ಯಾಹ್ನ ನನ್ನನ್ನು ಕರೆದು ಕಾಗದ ಹರವಿದರು. ಒಬ್ಬ ವಿದ್ಯಾರ್ಥಿಯ ಪೇಪರುಗಳನ್ನು ಸಾಲಾಗಿ ನೋಡುತ್ತ, ಎಲ್ಲಾದರೂ ಸ್ವಲ್ಪದರಲ್ಲಿ ತಪ್ಪಿದ್ದರೆ, ನಿಯಮದಂತೆ ಕೊಡಬೇಕಾದ ಗ್ರೇಸ್ ಅಂಕವನ್ನು ಪ್ರೋಗ್ರಾಂ ಒಂದು ಡಬ್ಬಿಗೆ ಹಾಕುತ್ತದೆ. ಎಲ್ಲ ಪೇಪರು ಮುಗಿದ ಮೇಲೆ ಡಬ್ಬಿಯಲ್ಲಿದ್ದದ್ದನ್ನು ಅವನ ಅಂಕಕ್ಕೆ ಕೂಡಿಸಿ, ಡಬ್ಬಿ ಖಾಲಿ ಮಾಡಿ, ಮುಂದಿನವನಿಗೆ ಹೋಗುತ್ತದೆ. ಆದರೆ ನಡುವೆ ಯಾವ ಪೇಪರಿಗಾದರೂ ಗೈರು ಎಂದು ಕಂಡ ಕೂಡಲೇ ಅವನನ್ನು ಅಲ್ಲೇ ಬಿಟ್ಟು ನೇರ ಮುಂದಿನವನಿಗೆ ಜಿಗಿಯುತ್ತದೆ. ಡಬ್ಬಿ ಖಾಲಿ ಮಾಡುವುದಿಲ್ಲ. ಗೈರಾದವನ ಗ್ರೇಸ್ ಅವನ ಮುಂದಿನ ನಂಬರಿನವನಿಗೆ ಹೋಗುತ್ತದೆ.

"ಮಂದೀದು ಬಂತು ನೋಡ್ರಿ," ಎಂದರು ಮಾಸ್ತರರು. ಈ ಸಲ ಕೈ ತಟ್ಟಲಿಲ್ಲ.

ಎರಡನೆಯ ವರ್ಷದ ಗಣಿತದ ಪೇಪರನ್ನು ನಾನು ಹಾಳು ಮಾಡಿದ್ದೆ. ಫೇಲು ಎಂದು ನಾನೇ ತೀರ್ಮಾನಿಸಿ ಅಪ್ಪನಿಗೆ ಹೇಗೆ ಹೇಳುವುದೆಂದು ಎರಡು ತಿಂಗಳು ನಿದ್ದೆಗೆಟ್ಟಿದ್ದೆ. ಫಲಿತಾಂಶ ಬಂದಾಗ ಪಾಸಿಗೆ ಎಷ್ಟು ಬೇಕೋ ಅಷ್ಟೇ, ಒಂದೂ ಹೆಚ್ಚಿಲ್ಲ. ಬಸವಣ್ಣನ ಪುಣ್ಯ ಎಂದು ಅವ್ವ ಕೈ ಮುಗಿದಿದ್ದಳು. ನನ್ನ ಹಿಂದಿನ ನಂಬರಿನ ಹುಡುಗ ಆ ವರ್ಷ ಕಾಮಾಲೆಯಾಗಿ ಪರೀಕ್ಷೆಗೆ ಬಂದಿರಲಿಲ್ಲ. ಅವನು ಗೈರು, ಅವನ ಮುಂದಿನ ನಂಬರು ನನ್ನದು. ಮಾಸ್ತರರ ಬೆರಳು ಆ ಜಿಗಿತಕ್ಕೆ ಎಳೆದ ಕೆಂಪು ಗೆರೆಯ ಮೇಲಿತ್ತು. ಆ ಗೆರೆಯ ಮೇಲೆ ನಡೆದು ಬಂದವನು ನಾನೇ ಎಂದು ನನಗೆ ಆ ಕ್ಷಣದಲ್ಲೇ ಖಾತ್ರಿಯಾಯಿತು.

ಅವರು ವಿಶ್ವವಿದ್ಯಾಲಯಕ್ಕೆ ಮೂರು ಪುಟದ ವರದಿ ಬರೆದರು. ಟೈಪು ಮಾಡಿಸಿದವನು ನಾನೇ. ನಾಲ್ಕು ತಿಂಗಳು ಉತ್ತರ ಇಲ್ಲ. ಆಮೇಲೆ ಐಚ್ಛಿಕ ವಿಷಯಗಳನ್ನು ಮುಂದುವರಿಸಬೇಕೋ ಬೇಡವೋ ಎಂದು ನೋಡಲು ಮೂವರ ಸಮಿತಿ ಬಂತು. ಅವರ ಫೈಲಿನಲ್ಲಿ ಈ ವರದಿಯೂ ಇತ್ತು. ಪ್ರಿನ್ಸಿಪಾಲರ ಕೋಣೆಯಲ್ಲಿ ಒಂದು ಕಡೆ ಅವರು, ಎದುರಿಗೆ ಮಾಸ್ತರರು, ಪಕ್ಕದಲ್ಲಿ ನಾನು.

ಸಮಿತಿಯ ಹಿರಿಯರು ಕೆಟ್ಟವರೇನಲ್ಲ. ಸಮಾಧಾನದಿಂದಲೇ ಕೇಳಿದರು. "ಎಷ್ಟ ಹುಡುಗೂರಿಗೆ ಹಿಂಗ ಆಗೇತ್ರಿ?"

"ಹೇಳಾಕ ಬರೂದಿಲ್ರಿ. ದಾರಿ ಐತಿ. ಯಾರರ ನಡದಾರೋ ಇಲ್ಲೋ, ಅದು ಪ್ರೋಗ್ರಾಂನ್ಯಾಗ ಸಿಗೂದಿಲ್ಲ. ನಿಮ್ಮ ರಜಿಸ್ಟರ್‌ನ್ಯಾಗ ಸಿಗತೈತಿ."

"ಆಗೇತಿ ಅಂತ ಬರದೀರಲ್ರಿ ಮತ್ತ?"

"ಇಲ್ರಿ. ಆಗಿರಬಹುದು ಅಂತ ಬರದೇನಿ."

ಮೂವರಲ್ಲಿ ಒಬ್ಬರಿಗೆ ನಗು ತಡೆಯಲಾಗಲಿಲ್ಲ. ಹಿರಿಯರು ಫೈಲು ಮುಚ್ಚದೆ ಇನ್ನೂ ಒಂದು ಅವಕಾಶ ಕೊಟ್ಟರು. ಅದನ್ನು ನಾನು ಮರೆಯಲಾರೆ. "ನೋಡ್ರಿ, ಬರೇ ಬಹುದು ಅಂದ್ರ ಸಾವಿರಾರು ಮಂದಿ ರಿಜಲ್ಟ್ ಕೆದರಾಕ ಆಗೂದಿಲ್ಲ. ಒಂದ ನಂಬರ ಹೇಳ್ರಿ. ಒಂದ. ನಾಳೆನ ರಜಿಸ್ಟರ್ ತಗಸ್ತೀನಿ. ತಪ್ಪ ಸಿಕ್ಕರ ಈ ಕೋರ್ಸ್ ಬೇಕಂತ ನಾನ ಬರೀತೀನಿ."

ಮಾಸ್ತರರು ತಮ್ಮ ಹತ್ತಿರ ನಂಬರಿಲ್ಲ ಎಂದರು. ನನ್ನ ಹತ್ತಿರ ಇತ್ತು. ಬಾಯಿಪಾಠ ಇತ್ತು. ಪ್ರೊಬೇಶನ್ ಮುಗಿಯಲು ಇನ್ನೂ ಐದು ತಿಂಗಳಿತ್ತು. ಡಿಗ್ರಿ ಹೋದರೆ ನೌಕರಿ ಹೋಗುತ್ತದೆ, ಜಗಲಿಯ ಮೇಲಿನ ಕಟ್ಟು ಇಳಿಯುತ್ತದೆ. ಪೆನ್ನಿನ ಟೋಪಿ ತೆಗೆದೆ, ಹಾಕಿದೆ, ತೆಗೆದೆ. ಹಿರಿಯರು ನನ್ನ ಕಡೆಗೂ ಒಮ್ಮೆ ನೋಡಿ, "ನೀವೇನರ ಹೇಳತೀರೇನ್ರಿ?" ಎಂದರು. ಇಲ್ಲರಿ ಎಂದೆ. ನಾಚಿಕೆಗೇಡು, ಆದರೆ ಅದೇ ಸತ್ಯ.

ಆ ಸಂಜೆ ಸ್ಟೇಷನ್ನಿಗೆ ಇಬ್ಬರೂ ನಡೆದು ಹೋದೆವು. ಗೇಟು ಹಾಕಿತ್ತು. ಗೂಡ್ಸ್ ಗಾಡಿ ದಾಟುವ ತನಕ ನಿಂತೆವು. ಆ ಗದ್ದಲ ನಿಂತ ಮೇಲೆ ಅವರು ಯಾರಿಗೆಂದಿಲ್ಲದೆ ಹೇಳಿದರು, "ಒಂದ ನಂಬರ ಬೇಕಾಗಿತ್ರಿ. ಬ್ಯಾರೆ ಏನೂ ಇಲ್ಲ, ಒಂದ."

ನಾನು ಅವರ ಚೀಲ ಹಿಡಿದುಕೊಂಡಿದ್ದೆ. ಗಾಡಿ ಹತ್ತಿಸಿ ಚೀಲ ಕೊಟ್ಟು ಮನೆಗೆ ಬಂದೆ.

ಬೇಸಿಗೆ ರಜೆ ಮುಗಿಯುವಷ್ಟರಲ್ಲಿ ಪತ್ರ ಬಂತು. ವಿಷಯ ತೀರ ತಾತ್ವಿಕವಾದದ್ದು, ವ್ಯವಹಾರಕ್ಕೆ ಉಪಯೋಗ ಕಂಡುಬರುವುದಿಲ್ಲ, ಬದಲಿಗೆ ಕಾರ್ಖಾನೆ ವ್ಯವಸ್ಥಾಪನೆ ಕಲಿಸತಕ್ಕದ್ದು. ಎರಡು ಬ್ಯಾಚು ಬಾಕಿ ಇದ್ದಾಗಲೇ ಸಾಧನದ ಕೆಲಸ ನಿಂತಿತು. ಐದು ಬ್ಯಾಚು ಬರೆದ ಹಾಳೆಗಳನ್ನು ಅವರು ಹಳೆಯ ಧೋತರದಲ್ಲಿ ಗಂಟು ಕಟ್ಟಿ ಖಾನಾಪುರಕ್ಕೆ ಒಯ್ದರು. ಮರುವರ್ಷ ವಿಶ್ವವಿದ್ಯಾಲಯದ ಆಫೀಸಿನಲ್ಲಿ ಅದೇ ಪ್ರೋಗ್ರಾಮಿನ ಹೊಸ ಪ್ರತಿ ನನ್ನ ಕಣ್ಣಿಗೆ ಬಿತ್ತು. ಗೈರಾದವನ ದಾರಿಯಲ್ಲಿ ಒಂದು ಸಾಲು ಸೇರಿಸಿದ್ದರು: ಡಬ್ಬಿ ಖಾಲಿ ಮಾಡು. ಮಾಸ್ತರರಿಗೆ ಯಾರೂ ಒಂದು ಕಾರ್ಡೂ ಬರೆದಿರಲಿಲ್ಲ. ನಾನು ಹೋಗಿ ಹೇಳಿದೆ. "ತಿದ್ದ್ಯಾರೇನು? ಛಲೋ ಆತು," ಎಂದರು, ಖರೇ ಸಂತೋಷದಿಂದ. ನನಗೆ ಅವರ ಮೇಲೆ ಸಿಟ್ಟು ಬಂತು. ಒಂದು ಸಲವಾದರೂ ಕೂಗಾಡಬಾರದೇ ಈ ಮನುಷ್ಯ ಎನಿಸಿತು.

ಆಮೇಲೆ ನಿವೃತ್ತಿಯ ತನಕ ಮೊದಲ ವರ್ಷದವರಿಗೆ ಡ್ರಾಯಿಂಗ್ ಕಲಿಸಿದರು. ಪಡಸಾಲೆಗೆ ಹೋಗುವುದನ್ನು ಬಿಟ್ಟರು. ಚಹಾ ಕುಡಿಯುತ್ತ ಕೂತಲ್ಲೇ ಕಣ್ಣು ಮುಚ್ಚುತ್ತಿದ್ದರು. "ದಣಿದೇನ್ರಿ" ಎನ್ನುವುದು ಹೊಸ ರೂಢಿಯಾಯಿತು. ದಣಿದಿರಬಹುದು ಎನ್ನಲಿಲ್ಲ.

ಅವರು ನಿವೃತ್ತರಾಗಿ ಒಂದು ವರ್ಷಕ್ಕೆ ನನಗೆ ತಡೆಯಲಾಗಲಿಲ್ಲ. ಆಗ ನನ್ನ ನೌಕರಿ ಕಾಯಂ ಆಗಿತ್ತು, ಅಪ್ಪ ತೀರಿಕೊಂಡಿದ್ದರು. ಧೈರ್ಯ ಬಂದದ್ದು ಹಾಗೆ, ಅದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹಿಡಿದು ಖಾನಾಪುರಕ್ಕೆ ಹೋದೆ. ಪೇಟೆಯ ಓಣಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಾಸ್ತರರ ಹೆಂಡತಿ ಬಾಗಿಲ ಮುಂದೆ ಮೆಣಸಿನಕಾಯಿಯ ತೊಟ್ಟು ತೆಗೆಯುತ್ತಿದ್ದರು. ಒಳಗೆ ಕೂತು, ನೀರು ಕುಡಿದು, ಇನ್ನೊಂದು ಕ್ಷಣ ತಡ ಮಾಡಿದರೆ ಹೇಳಲಾರೆನೆಂದು ತಿಳಿದು ಒಂದೇ ಉಸಿರಿಗೆ ಹೇಳಿಬಿಟ್ಟೆ.

"ಸರ್, ಆವತ್ತ ಕಮಿಟಿ ಮುಂದ ಒಂದ ನಂಬರ ಬೇಕಾಗಿತ್ತಲ್ರಿ, ಅದು ನನ್ನದ ಇತ್ರಿ. ನನಗ ಗೊತ್ತಿತ್ರಿ."

ಬಯ್ಯುತ್ತಾರೆಂದು ತಲೆ ಬಗ್ಗಿಸಿ ಕೂತೆ. ಅವರು ಎದ್ದು ಹೋದರು. ತಿರುಗಿ ಬಂದಾಗ ಕೈಯಲ್ಲಿ ಆ ಪ್ರೋಗ್ರಾಮಿನ ಕಾಗದ, ಕೆಂಪು ನೀಲಿ ಗುರುತುಗಳ ಸಮೇತ. ನೆಲದ ಮೇಲೆ ಹರವಿ ಕನ್ನಡಕ ಹಾಕಿಕೊಂಡರು.

"ನಿಮ್ಮ ಹಿಂದಿನ ನಂಬರಿನಾಂವ ಯಾವ ಪೇಪರಿಗೆ ಗೈರು?"

"ಎಲ್ಲಾಕ್ಕೂ ರೀ. ಕಾಮಣಿ ಆಗಿತ್ತು. ಊರಿಂದ ಬರಲೇ ಇಲ್ಲ."

"ಎಲ್ಲಾಕ್ಕೂ ಅಂದ್ರ, ಮೊದಲನೇದಕ್ಕೂ?"

"ಹೌದ್ರಿ."

"ಅವನ ಹಿಂದಿನಾಂವ?"

"ಜಾಣ ಹುಡುಗ್ರಿ. ಎಲ್ಲಾ ಬರದಿದ್ದ."

"ಹಂಗಾರ ಅಂವ ಕಡೀತನಕಾ ಹೋಗಿ ಡಬ್ಬಿ ಖಾಲಿ ಮಾಡಿ ಹ್ವಾದ. ಈಗ ಗೈರಿನಾಂವ ಬಂದ. ಮೊದಲನೇ ಪೇಪರಿನ್ಯಾಗ ಗೈರು, ಇಲ್ಲಿಂದ ಜಿಗದ. ಗ್ರೇಸ್ ಹಾಕೂ ಸಾಲ ಎಲ್ಲೈತಿ? ನೀವ ಬೆರಳ ಇಡ್ರಿ."

ಇಟ್ಟೆ. ಆ ಸಾಲು ಜಿಗಿದ ಜಾಗಕ್ಕಿಂತ ಕೆಳಗಿತ್ತು. ಕಾಮಾಲೆಯ ಹುಡುಗ ಅಲ್ಲಿಯ ತನಕ ಬಂದೇ ಇರಲಿಲ್ಲ. ಅವನ ಡಬ್ಬಿಗೆ ಏನೂ ಬಿದ್ದಿರಲಿಲ್ಲ. ನನ್ನ ಕಾರ್ಡು ಬಂದಾಗ ಡಬ್ಬಿ ಖಾಲಿ ಇತ್ತು. ಗಣಿತದಲ್ಲಿ ನನಗೆ ಸಿಕ್ಕದ್ದು ನನ್ನದೇ, ಮಂದಿಯದಲ್ಲ. ಇಷ್ಟು ವರ್ಷ ಈ ಪ್ರೋಗ್ರಾಮಿನ ಒಂದು ಪ್ರತಿ ನನ್ನ ಮೇಜಿನ ಖಾನೆಯಲ್ಲೂ ಇತ್ತು. ಬೇರೆಯವರ ನೂರಾರು ದಾರಿ ನಡೆದು ನೋಡಿದ್ದೆ. ನನ್ನದನ್ನು ಹೆದರಿ ಒಮ್ಮೆಯೂ ನಡೆದು ನೋಡಿರಲಿಲ್ಲ. ಐದು ನಿಮಿಷದ ಕೆಲಸ. ಆವತ್ತು ನಾನು ನಂಬರು ಹೇಳಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ. ರಜಿಸ್ಟರ್ ಹೊರಬರುತ್ತಿತ್ತು. ಹೊರಬಂದ ಮೇಲೆ ನನ್ನದೊಂದನ್ನೇ ನೋಡಿ ಮುಚ್ಚುತ್ತಿರಲಿಲ್ಲ, ಕೋರ್ಸು ಉಳಿಯಬಹುದಿತ್ತು.

ಮಾಸ್ತರರ ಮುಖ ಅರಳಿತ್ತು. ಬಾಗಿಲ ಕಡೆ ತಿರುಗಿ ಕೂಗಿದರು, "ಅಲ್ಲಾ, ಕೇಳಿದೇನ? ಇವರು ಪಾಸಾಗ್ಯಾರ. ಖರೇನ ಪಾಸಾಗ್ಯಾರ. ಸಕ್ಕರಿ ತಗೊಂಡ ಬಾ."

ಆ ತಾಯಿ ಖಾರದ ಕೈ ತೊಳೆದು, ಸಣ್ಣ ತಾಟಿನಲ್ಲಿ ಸಕ್ಕರೆ ತಂದು ನನ್ನ ಅಂಗೈಗೆ ಹಾಕಿದರು. "ಛಲೋ ಆತ ನೋಡ್ರಿ. ಈ ವಯಸ್ಸಿನ್ಯಾಗ ಮತ್ಯಾವ ಪರೀಕ್ಷಾ ಕಟ್ಟಿದ್ರಿ?"

ನಾನು ಸಕ್ಕರೆ ತಿಂದೆ. ಮಾಸ್ತರರು ನನ್ನ ಬೆನ್ನು ತಟ್ಟಿ, ಕಾಗದ ಮಡಚಿ, ಆ ವರ್ಷದ ಮಾವಿನಕಾಯಿಯ ಮಾತು ತೆಗೆದರು. ಆವತ್ತು ಸಮಿತಿಯ ಮುಂದೆ ಯಾಕೆ ಸುಮ್ಮನೆ ಕೂತಿದ್ದಿರಿ ಎಂದು ಕೇಳಲಿಲ್ಲ. ಕೇಳಲಿ ಎಂದು ನಾನು ಎರಡು ಬಸ್ಸು ಬಿಟ್ಟು, ಮೂರನೆಯದರ ಹೊತ್ತಾಗುವ ತನಕ ಅಲ್ಲೇ ಕೂತಿದ್ದೆ.